ನಡೆಯಲಾರದವನ ಬಲ ತೂಗಲು ಯಾವ ಕಾಟಾ?

ರವಿವಾರ ಪೇಟೆಯ ಕಿರಾಣಿ ಅಂಗಡಿಯಲ್ಲಿ ಅಕ್ಕಿ ಚೀಲ ತೂಗುವ ಕಾಟಾ ಇರುತ್ತದೆ. ಶಹಾಪುರದ ಸರಾಫನ ಮೇಜಿನ ಮೇಲೆ ಗಾಜಿನ ಪೆಟ್ಟಿಗೆಯೊಳಗೆ ಬಂಗಾರ ತೂಗುವ ಕಾಟಾ ಇರುತ್ತದೆ. ಮದುವೆ ಮಗಳ ಉಂಗುರವನ್ನು ಯಾರಾದರೂ ಅಕ್ಕಿಯ ಕಾಟಾದ ಮೇಲಿಟ್ಟರೆ ಅದು ಅಲುಗುವುದೇ ಇಲ್ಲ, ಸೊನ್ನೆ ತೋರಿಸಿ ಸುಮ್ಮನಾಗುತ್ತದೆ. ಅಷ್ಟಕ್ಕೇ "ಈ ಉಂಗುರಕ್ಕ ತೂಕನ ಇಲ್ರೀ" ಎಂದು ಯಾವ ಅಂಗಡಿಕಾರನೂ ಹೇಳುವುದಿಲ್ಲ. ಹೇಳಿದರೆ ಗಿರಾಕಿ ನಗುತ್ತಾನೆ. ಉಂಗುರಕ್ಕೆ ತೂಕ ಉಂಟು, ಇಟ್ಟ ಕಾಟಾ ತಪ್ಪು.

ಪೇಟೆಯಲ್ಲಿ ಎಲ್ಲರಿಗೂ ಗೊತ್ತಿರುವ ಈ ಸಾದಾ ಮಾತನ್ನು ಒಂದು ಕಡೆ ಮಾತ್ರ ಊರಿಗೆ ಊರೇ ಮರೆಯುತ್ತದೆ. ಸ್ನಾಯುಕ್ಷಯ ಬಂದು ಕಾಲು ಸೋತ ಹುಡುಗನನ್ನು ಕಂಡಾಗ ಕೇಳುವ ಪ್ರಶ್ನೆ ಒಂದೇ: "ನಡೀತಾನೇನ್ರೀ?" ಇಲ್ಲ ಎಂದರೆ ಲೆಕ್ಕ ಮುಗಿಯಿತು. ಸೊನ್ನೆ. ಆಮೇಲೆ ಅವನ ಕೈ ಎಷ್ಟು ಏಳುತ್ತದೆ, ಉಸಿರು ಎಷ್ಟು ತುಂಬುತ್ತದೆ, ರಾತ್ರಿ ಹಾಸಿಗೆಯಲ್ಲಿ ತಾನೇ ಮಗ್ಗಲು ಬದಲಿಸುತ್ತಾನೋ ಇಲ್ಲವೋ ಎಂದು ಕೇಳುವವರು ಬಹಳ ಕಡಿಮೆ. ಕಾಲಿನ ಕಾಟಾದ ಮೇಲೆ ಅವನಿಗೆ ತೂಕವಿಲ್ಲ. ಹಾಗೆಂದು ಅವನಲ್ಲಿ ಬಲವೇ ಇಲ್ಲವೇ?

ಇದು ಬರೀ ಡಾಕ್ಟರರ ನಡುವಿನ ಚರ್ಚೆ ಎಂದು ತಿಳಿದು ಪುಟ ಮಗುಚಬೇಡಿ. ಅಳತೆ ತಪ್ಪಿದಲ್ಲಿ ವ್ಯಾಪಾರ ಕೆಡುತ್ತದೆ. ಇಲ್ಲಿ ಕೆಡುವುದು ಒಂದು ಹುಡುಗನ ಶಾಲೆ, ಪರೀಕ್ಷೆ, ಉಸಿರು ಮತ್ತು ಅವನ ಅವ್ವನ ನಿದ್ದೆ.

ರೋಗ ಯಾವುದು?

ಸ್ನಾಯುಕ್ಷಯ, ಅಂದರೆ ಡಾಕ್ಟರರ ಬಾಯಲ್ಲಿ ಮಸ್ಕ್ಯುಲರ್ ಡಿಸ್ಟ್ರೋಫಿ, ಒಂದೇ ರೋಗವಲ್ಲ. ಅದು ಹಲವು ರೋಗಗಳ ದೊಡ್ಡ ಮನೆತನ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಡುಶೆನ್ ಎಂಬ ಬಗೆ. 1860ರ ದಶಕದಲ್ಲಿ ಇದನ್ನು ವಿವರವಾಗಿ ಬರೆದಿಟ್ಟ ಫ್ರಾನ್ಸಿನ ವೈದ್ಯನ ಹೆಸರೇ ಇದಕ್ಕೂ ಬಂದಿದೆ. ಸ್ನಾಯುವಿನ ಎಳೆಗಳು ಹರಿಯದಂತೆ ಹಿಡಿದಿಡುವ ಡಿಸ್ಟ್ರೋಫಿನ್ ಎಂಬ ಪ್ರೋಟೀನು ಈ ಮಕ್ಕಳ ಮೈಯಲ್ಲಿ ತಯಾರಾಗುವುದಿಲ್ಲ. ಗಾರೆ ಇಲ್ಲದೆ ಕಟ್ಟಿದ ಗೋಡೆಯ ಹಾಗೆ ಸ್ನಾಯು ವರ್ಷ ವರ್ಷ ಉದುರುತ್ತ ಹೋಗುತ್ತದೆ. ಈ ಪ್ರೋಟೀನನ್ನು ವಿಜ್ಞಾನಿಗಳು ಗುರುತಿಸಿದ್ದು 1987ರಲ್ಲಿ.

ಮೂರರಿಂದ ಐದು ವರ್ಷದೊಳಗೆ ಹುಡುಗ ಪದೇ ಪದೇ ಬೀಳುತ್ತಾನೆ. ಮೆಟ್ಟಿಲು ಹತ್ತಲು ತಡಕಾಡುತ್ತಾನೆ. ನೆಲದ ಮೇಲಿಂದ ಏಳುವಾಗ ತನ್ನ ತೊಡೆಗಳನ್ನೇ ಕೈಯಿಂದ ಹಿಡಿದು ಹತ್ತಿದ ಹಾಗೆ ಏಳುತ್ತಾನೆ. ಮೀನಖಂಡ ಮಾತ್ರ ದಪ್ಪಗೆ ಕಾಣುತ್ತದೆ. "ಹುಡುಗ ಗಟ್ಟಿ ಅದಾನ ಬಿಡ್ರಿ, ಪೈಲ್ವಾನ ಆಗ್ತಾನ" ಎಂದು ನೆರೆಹೊರೆಯವರು ನಗುತ್ತಾರೆ. ಚಿಕಿತ್ಸೆ ಇಲ್ಲದಿದ್ದರೆ ಸಾಮಾನ್ಯವಾಗಿ ಹತ್ತರಿಂದ ಹದಿಮೂರನೆಯ ವಯಸ್ಸಿನೊಳಗೆ ನಡಿಗೆ ನಿಲ್ಲುತ್ತದೆ. ಸ್ಟಿರಾಯ್ಡ್ ಗುಳಿಗೆ ಕೊಟ್ಟರೆ ಒಂದೆರಡು ವರ್ಷ, ಕೆಲವರಲ್ಲಿ ಇನ್ನೂ ಹೆಚ್ಚು, ಮುಂದೆ ಹೋಗುತ್ತದೆ.

ಇದು ಯಾರ ಶಾಪವೂ ಅಲ್ಲ, ಯಾರ ಪಾಪದ ಫಲವೂ ಅಲ್ಲ. ಜೀನಿನ ದೋಷ ತಾಯಿಯ ಕಡೆಯಿಂದ ಬರಬಹುದು, ಆದರೆ ಸುಮಾರು ಮೂರರಲ್ಲಿ ಒಂದು ಪ್ರಕರಣದಲ್ಲಿ ತಾಯಿಯಲ್ಲಿ ದೋಷವೇ ಇರುವುದಿಲ್ಲ, ಮಗುವಿನಲ್ಲಿಯೇ ಹೊಸದಾಗಿ ಹುಟ್ಟಿರುತ್ತದೆ. ಸೊಸೆಯ ಮೇಲೆ ಗೂಬೆ ಕೂಡಿಸುವ ಅತ್ತೆಯಂದಿರು ಇದನ್ನು ಒಮ್ಮೆ ಓದಿಸಿಕೊಂಡರೆ ಒಳ್ಳೆಯದು.

ಹುಟ್ಟುವ ಗಂಡು ಮಕ್ಕಳಲ್ಲಿ ಸುಮಾರು 5,000ಕ್ಕೆ ಒಬ್ಬನಿಗೆ ಇದು ಬರುತ್ತದೆ ಎಂಬುದು ಲೋಕದ ಲೆಕ್ಕ. 2011ರ ಜನಗಣತಿಯಲ್ಲಿ ಬೆಳಗಾವಿ ಜಿಲ್ಲೆಯ ಜನಸಂಖ್ಯೆ 47 ಲಕ್ಷ 79 ಸಾವಿರ ದಾಟಿತ್ತು. ಈ ಮಕ್ಕಳ ಆಯುಷ್ಯ ಕಡಿಮೆಯಾಗುವುದರಿಂದ ನೇರ ಭಾಗಾಕಾರ ಮಾಡಲು ಬರುವುದಿಲ್ಲ, ನಿಜ. ಆದರೂ ಗಲ್ಲಾ ಮೇಲೆ ಕೂತವರಿಗೆ ಲೆಕ್ಕ ತಿಳಿಯದೆ ಇರದು: ಇದು ಜಿಲ್ಲೆಯ ಒಂದೆರಡು ಮನೆಯ ಕತೆಯಲ್ಲ. ಡುಶೆನ್ ಅಲ್ಲದ ಬೇರೆ ಬಗೆಯ ಸ್ನಾಯುಕ್ಷಯಗಳೂ ಇವೆ. ಅವು ಹೆಣ್ಣುಮಕ್ಕಳಿಗೂ ಬರುತ್ತವೆ, ದೊಡ್ಡವರಾದ ಮೇಲೂ ಬರುತ್ತವೆ.

ಆರು ನಿಮಿಷದ ನಡಿಗೆ

ಈ ರೋಗದ ಔಷಧಗಳ ಪ್ರಯೋಗಗಳಲ್ಲಿ ಬಹಳ ವರ್ಷ ಮುಖ್ಯ ಅಳತೆಯಾಗಿ ಇದ್ದುದು ಆರು ನಿಮಿಷದ ನಡಿಗೆ. ವರಾಂಡಾದಲ್ಲಿ ಗುರುತು ಹಾಕಿ ಹುಡುಗನನ್ನು ಆರು ನಿಮಿಷ ನಡೆಸುವುದು, ಎಷ್ಟು ಮೀಟರ್ ಹೋದ ಎಂದು ಬರೆದುಕೊಳ್ಳುವುದು. ಸಲೀಸಾದ ಅಳತೆ, ಒಪ್ಪಬೇಕಾದದ್ದೇ. ಆದರೆ ಗಾಲಿಕುರ್ಚಿಯ ಹುಡುಗ ಆ ವರಾಂಡಾದೊಳಗೆ ಕಾಲೇ ಇಡುವಂತಿಲ್ಲ. ಹಾಗಾಗಿ ಎಷ್ಟೋ ಪ್ರಯೋಗಗಳ ಬಾಗಿಲು ಅವನಿಗೆ ಮೊದಲೇ ಮುಚ್ಚಿತು. ಪ್ರಯೋಗದಲ್ಲಿ ಅವನಿಲ್ಲ, ಆದ್ದರಿಂದ ಔಷಧ ಅವನಿಗೆ ಹಿಡಿಸೀತೇ ಎಂಬುದಕ್ಕೆ ಪುರಾವೆಯೂ ಇಲ್ಲ.

ಇದರ ಬೆಲೆ ಎಷ್ಟು ಎಂಬುದನ್ನು 2025 ತೋರಿಸಿತು. ಅಮೆರಿಕದಲ್ಲಿ ಕೋಟಿಗಟ್ಟಲೆ ಬೆಲೆಯ ಒಂದು ಜೀನ್ ಚಿಕಿತ್ಸೆಗೆ 2023ರಲ್ಲಿ ಮೊದಲು 4-5 ವರ್ಷದ ನಡೆಯುವ ಮಕ್ಕಳಿಗೆ ಪರವಾನಗಿ ಸಿಕ್ಕಿತು, 2024ರಲ್ಲಿ ಅದನ್ನು ನಡೆಯಲಾರದವರಿಗೂ ವಿಸ್ತರಿಸಿದರು. 2025ರಲ್ಲಿ, ಈ ಚಿಕಿತ್ಸೆ ಪಡೆದ, ನಡೆಯಲಾರದ ಇಬ್ಬರು ಹುಡುಗರು ಯಕೃತ್ತು ಕೈಕೊಟ್ಟು ತೀರಿಕೊಂಡರು. ನಡೆಯಲಾರದವರಿಗೆ ಅದರ ಪೂರೈಕೆಯನ್ನು ಕಂಪನಿ ನಿಲ್ಲಿಸಬೇಕಾಯಿತು. ನಡೆಯುವವರ ಮೇಲೆ ನೋಡಿದ್ದನ್ನು ನಡೆಯಲಾರದವರ ಮೇಲೆ ಅಂದಾಜಿನಿಂದ ಹೊಲಿಯಲು ಬರುವುದಿಲ್ಲ. ಅವರನ್ನು ಬೇರೆಯಾಗಿಯೇ ನೋಡಬೇಕು, ಅವರ ಅಳತೆಯಿಂದಲೇ ಅಳೆಯಬೇಕು.

ಲೋಟ, ನಾಣ್ಯ, ಮಗ್ಗಲು

ಹಾಗಾದರೆ ಬೇರೆ ಕಾಟಾ ಇದೆಯೇ? ಇದೆ. ಒಂದಲ್ಲ, ಹಲವು ಇವೆ. ಕೆಲವಂತೂ ಎಷ್ಟು ಸರಳ ಎಂದರೆ ಚಾ ಅಂಗಡಿಯ ಲೋಟ ಮತ್ತು ಗಲ್ಲಾ ಪೆಟ್ಟಿಗೆಯ ಚಿಲ್ಲರೆ ಇದ್ದರೆ ಸಾಕು.

ಬ್ರೂಕ್ ಎಂಬ ವೈದ್ಯರ ಹೆಸರಿನ ಅಳತೆ 1980ರ ದಶಕದ ಆರಂಭದಿಂದ ಬಳಕೆಯಲ್ಲಿದೆ. ಅದರಲ್ಲಿ ಆರು ಮೆಟ್ಟಿಲು. ಎರಡೂ ಕೈಗಳನ್ನು ಪಕ್ಕದಿಂದ ನೇರವಾಗಿ ಎತ್ತಿ ತಲೆಯ ಮೇಲೆ ಕೂಡಿಸಬಲ್ಲವನು ಮೊದಲನೆಯವನು. ಮೊಣಕೈ ಮಡಚಿ ಹೇಗೋ ತಲೆಯ ಮೇಲೆ ಎತ್ತಬಲ್ಲವನು ಎರಡನೆಯವನು. ತಲೆಯ ಮೇಲೆ ಎತ್ತಲಾರ, ಆದರೆ ನೀರು ತುಂಬಿದ ಲೋಟವನ್ನು ಬಾಯಿಗೆ ಒಯ್ಯಬಲ್ಲ, ಇವನು ಮೂರನೆಯವನು. ಬರಿಗೈ ಬಾಯಿಗೆ ಬರುತ್ತದೆ, ಲೋಟ ಬರುವುದಿಲ್ಲ, ಇವನು ನಾಲ್ಕನೆಯವನು. ಕೈ ಬಾಯಿಗೂ ಬರುವುದಿಲ್ಲ, ಆದರೆ ಪೆನ್ನು ಹಿಡಿಯಬಲ್ಲ, ಮೇಜಿನ ಮೇಲಿನ ನಾಣ್ಯ ಎತ್ತಬಲ್ಲ, ಇವನು ಐದನೆಯವನು. ಅದೂ ಆಗದವನು ಆರನೆಯವನು.

ನಡಿಗೆಯ ಕಾಟಾದ ಮೇಲೆ ಈ ಆರೂ ಜನರು ಸಮ, ಎಲ್ಲರೂ ಸೊನ್ನೆ. ಆದರೆ ಮನೆಯಲ್ಲಿ ಕೇಳಿ ನೋಡಿರಿ. ಮೂರನೆಯವನು ತಾನೇ ನೀರು ಕುಡಿಯುತ್ತಾನೆ. ನಾಲ್ಕನೆಯವನು ರೊಟ್ಟಿ ತುತ್ತು ತಾನೇ ತಿನ್ನುತ್ತಾನೆ, ನೀರಿಗೆ ಮಾತ್ರ "ಯವ್ವಾ" ಎಂದು ಕರೆಯಬೇಕು. ಐದನೆಯವನಿಗೆ ಯಾರಾದರೂ ಉಣಿಸಬೇಕು, ಆದರೆ ಮೊಬೈಲು ಒತ್ತಬಲ್ಲ, ಲೆಕ್ಕ ಬರೆಯಬಲ್ಲ, ಅಣ್ಣನ ಅಂಗಡಿಯಲ್ಲಿ ಕೂತು ಗಿರಾಕಿಗೆ ಚಿಲ್ಲರೆ ಎಣಿಸಿ ಕೊಡಬಲ್ಲ, ಬೆರಳಿನಿಂದ ಕಡ್ಡಿ ಒತ್ತಿ ಮೋಟಾರಿನ ಗಾಲಿಕುರ್ಚಿ ತಾನೇ ಓಡಿಸಬಲ್ಲ. ಈ ಮೆಟ್ಟಿಲು ಮೆಟ್ಟಿಲಿನ ನಡುವೆ ಒಂದೊಂದು ಬದುಕೇ ಇದೆ.

ರೋಗ ಹೆಗಲಿನಿಂದ ಶುರುವಾಗಿ ಮೊಣಕೈಗೆ ಇಳಿಯುತ್ತದೆ, ಬೆರಳಿಗೆ ಕೊನೆಗೆ ಬರುತ್ತದೆ. ಇದನ್ನೇ ಹಿಡಿದು 2013ರಲ್ಲಿ ವಿದೇಶದ ತಜ್ಞರು ತೋಳಿನದೇ ಒಂದು ಪರೀಕ್ಷೆ ಪ್ರಕಟಿಸಿದರು. ಅದರ ಹೆಸರು ಪಿ.ಯು.ಎಲ್. ಅದನ್ನು ಮಾಡುವಾಗ ರೋಗದವರನ್ನೂ ಮನೆಯವರನ್ನೂ ಕೂಡಿಸಿ "ನಿಮಗೆ ಯಾವ ಕೆಲಸ ಮುಖ್ಯ?" ಎಂದು ಕೇಳಿದರು. ಹಾಗಾಗಿ ಅದರಲ್ಲಿರುವುದು ಸರ್ಕಸ್ಸಲ್ಲ, ದಿನದ ಕೆಲಸ: ತೂಕ ಸರಿಸುವುದು, ಡಬ್ಬಿ ಮೇಲೆ ಡಬ್ಬಿ ಇಡುವುದು, ಮುಚ್ಚಳ ತೆಗೆಯುವುದು, ಕಾಗದ ಹರಿಯುವುದು, ನಾಣ್ಯ ಎತ್ತುವುದು. ಹೆಗಲು, ಮೊಣಕೈ, ಬೆರಳು ಎಂದು ಮೂರು ಪಾಲು ಮಾಡಿ ಅಂಕ ಕೊಡುತ್ತಾರೆ. 2022ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ, 20 ಜನರ ಮೇಲೆ ಮಾಡಿದ ಒಂದು ಚಿಕ್ಕ ಪ್ರಯೋಗದಲ್ಲಿ ಮುಖ್ಯ ಅಳತೆ ಕಾಲಾಗಿರಲಿಲ್ಲ, ತೋಳಾಗಿತ್ತು. ಅಳತೆ ಬದಲಾದ ಕೂಡಲೇ ಮುಚ್ಚಿದ್ದ ಬಾಗಿಲು ತೆರೆಯಿತು, ನಡೆಯಲಾರದವರು ಒಳಗೆ ಬಂದರು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಡೆನ್ಮಾರ್ಕಿನವರದು ಇನ್ನೊಂದು ಹೆಜ್ಜೆ ಮುಂದೆ. ಗಾಲಿಕುರ್ಚಿಯವರಿಗಾಗಿಯೇ ಅವರು ಮಾಡಿದ ಇ.ಕೆ. ಎಂಬ ಪಟ್ಟಿಯಲ್ಲಿ ಹತ್ತು ಪ್ರಶ್ನೆ, ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರು ಅಂಕ. ಕುರ್ಚಿಯಲ್ಲಿ ಕೂತಾಗ ಮೈ ತೋಲ ಸರಿ ಹಿಡಿಯುತ್ತಾನೆಯೇ? ಕುರ್ಚಿಯಿಂದ ಹಾಸಿಗೆಗೆ ಹೇಗೆ ಹೋಗುತ್ತಾನೆ? ಉಣ್ಣುವಾಗ ಕೈ ಬಳಸುತ್ತಾನೆಯೇ? ರಾತ್ರಿ ತಾನೇ ಮಗ್ಗಲು ಬದಲಿಸುತ್ತಾನೆಯೇ? ಕೆಮ್ಮಲು ಬಲವಿದೆಯೇ? ಮಾತು ಕೇಳಿಸುವಷ್ಟು ದನಿ ಇದೆಯೇ? ಒಟ್ಟಿನಲ್ಲಿ ಹೇಗಿದ್ದಾನೆ?

ಮಗ್ಗಲಿನ ಪ್ರಶ್ನೆಯನ್ನೇ ತೆಗೆದುಕೊಳ್ಳಿರಿ. ಮಲಗಿದಲ್ಲಿ ತಾನೇ ಹೊರಳಲಾರದ ಹುಡುಗ ರಾತ್ರಿ ಎಷ್ಟು ಸಲ ಕರೆಯುತ್ತಾನೋ ಅಷ್ಟು ಸಲ ಅವ್ವ ಏಳಬೇಕು. ಬೆಳಿಗ್ಗೆ ಮತ್ತೆ ನೀರು, ಒಲೆ, ಹೊಲ. ಈ ಎಣಿಕೆ ಯಾವ ಸರ್ಕಾರಿ ಕಾಗದದ ಮೇಲೆ ಬರುತ್ತದೆ? ಆ ಮನೆಯ ನಿಜವಾದ ಭಾರ ಕಾಣುವುದು ಅಲ್ಲಿಯೇ.

ಶೇಕಡಾ ಎಂಬ ಕಾಗದ

ಸರ್ಕಾರ ಏನೂ ಮಾಡಿಲ್ಲ ಎಂದರೆ ಸುಳ್ಳಾಗುತ್ತದೆ. 1995ರ ಕಾಯ್ದೆಯಲ್ಲಿ ಅಂಗವೈಕಲ್ಯದ ಪಟ್ಟಿಯಲ್ಲಿದ್ದದ್ದು 7 ಬಗೆ. 2016ರಲ್ಲಿ ಪಾಸಾಗಿ 2017ರ ಏಪ್ರಿಲ್ 19ರಂದು ಜಾರಿಗೆ ಬಂದ ಹೊಸ ಕಾಯ್ದೆಯಲ್ಲಿ ಅದು 21 ಆಯಿತು. ಸ್ನಾಯುಕ್ಷಯದ ಹೆಸರು ಅದರಲ್ಲಿ ಸ್ಪಷ್ಟವಾಗಿ ಇದೆ. ಪ್ರಮಾಣಪತ್ರಕ್ಕಾಗಿ ಅಳೆಯುವ ರೀತಿಯನ್ನು ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿ, 2024ರಲ್ಲಿ ತಿದ್ದಿತು. ಸ್ನಾಯುವಿನ ಬಲಕ್ಕೆ ಸೊನ್ನೆಯಿಂದ ಐದರವರೆಗೆ ದರ್ಜೆ ಕೊಟ್ಟು, ಅದರ ಮೇಲೆ ಶೇಕಡಾ ಲೆಕ್ಕ ಹಾಕುವುದು ಆ ರೀತಿಯ ತಿರುಳು. ಶೇಕಡಾ 40 ದಾಟಿದರೆ ಸೌಲಭ್ಯಗಳಿಗೆ ಅರ್ಹತೆ.

ಈ ಕಾಗದ ಬೇಕು. ಪಿಂಚಣಿಗೆ ಬೇಕು, ಬಸ್ ಪಾಸಿಗೆ ಬೇಕು, ಕುರ್ಚಿಗೆ ಬೇಕು. ಆದರೆ ಇದು ಕಳೆದದ್ದನ್ನು ಅಳೆಯುವ ಕಾಗದ, ಉಳಿದದ್ದನ್ನು ಅಳೆಯುವ ಕಾಗದವಲ್ಲ. ಐದು ದರ್ಜೆಯ ಮೆಟ್ಟಿಲು ಬಹಳ ಅಗಲ. ಒಂದೇ ದರ್ಜೆಯೊಳಗೆ ಹುಡುಗ ಲೋಟ ಎತ್ತುವುದನ್ನು ಬಿಟ್ಟಿರಬಹುದು, ದರ್ಜೆ ಬದಲಾಗದೆ ಇರಬಹುದು. ಮೇಲಾಗಿ ಶೇಕಡಾ ಒಮ್ಮೆ 80-90 ಮುಟ್ಟಿತೆಂದರೆ ಮುಂದೆ ಹೋಗಲು ಜಾಗವೇ ಇಲ್ಲ. ರೋಗ ಮಾತ್ರ ಅಲ್ಲಿಗೆ ನಿಲ್ಲುವುದಿಲ್ಲ. ಕಾಗದ ನಿಂತಲ್ಲಿಯೇ ನಿಲ್ಲುತ್ತದೆ, ಹುಡುಗ ಇಳಿಯುತ್ತ ಹೋಗುತ್ತಾನೆ.

ಶೇಕಡಾವೇ ಎಲ್ಲವೂ ಅಲ್ಲ ಎಂದು ಸುಪ್ರೀಂ ಕೋರ್ಟೇ ಹೇಳಿದೆ. 2021ರ ಫೆಬ್ರವರಿಯಲ್ಲಿ, ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಒಬ್ಬ ಅಭ್ಯರ್ಥಿಯ ಪ್ರಕರಣದಲ್ಲಿ ಕೋರ್ಟು ತೀರ್ಪು ಕೊಟ್ಟಿತು. ಶೇಕಡಾ 40ರ ಗೆರೆ ಮುಟ್ಟಿಲ್ಲ ಎಂಬ ಒಂದೇ ಕಾರಣಕ್ಕೆ ಪರೀಕ್ಷೆಯಲ್ಲಿ ಬರೆಯುವ ಸಹಾಯಕನನ್ನು ನಿರಾಕರಿಸಲು ಬರುವುದಿಲ್ಲ ಎಂಬುದು ಅದರ ಸಾರ. ಅಂದರೆ ನೋಡಬೇಕಾದದ್ದು ಸಂಖ್ಯೆಯಲ್ಲ, ಕೈ ಏನು ಮಾಡಬಲ್ಲದು ಎಂಬುದು.

ಎಸ್ಸೆಸ್ಸೆಲ್ಸಿಯ ಹೊತ್ತು

ಇದು ನೇರವಾಗಿ ಶಾಲೆಗೆ ತಾಗುವ ಮಾತು. ಡುಶೆನ್ ಹುಡುಗನ ನಡಿಗೆ ನಿಲ್ಲುವುದು ಹೆಚ್ಚಾಗಿ ಐದು, ಆರು, ಏಳನೆಯ ಇಯತ್ತೆಯಲ್ಲಿ. ಕೈ ಸೋಲತೊಡಗುವುದು ಎಸ್ಸೆಸ್ಸೆಲ್ಸಿಯ ಆಸುಪಾಸು. ಜೀವನದಲ್ಲಿ ಅತಿ ಹೆಚ್ಚು ಬರೆಯಬೇಕಾದ ಹೊತ್ತಿಗೇ ಪೆನ್ನು ಭಾರವಾಗುತ್ತದೆ. ಬುದ್ಧಿ ಇರುತ್ತದೆ, ಉತ್ತರ ಬಾಯಲ್ಲಿ ಇರುತ್ತದೆ, ಕೈ ಅರ್ಧ ಗಂಟೆಗೆ ಸೋಲುತ್ತದೆ. ಅವನಿಗೆ ಬೇಕಾದದ್ದು ಹೆಚ್ಚಿನ ಸಮಯವೋ, ಬರೆಯುವ ಸಹಾಯಕನೋ, ಎರಡೂವೋ? ತೋಳಿನ ಅಳತೆ ಆರು ತಿಂಗಳಿಗೊಮ್ಮೆ ಆಗುತ್ತಿದ್ದರೆ ಒಂಬತ್ತನೆಯ ಇಯತ್ತೆಯಲ್ಲಿಯೇ ಉತ್ತರ ಸಿಗುತ್ತಿತ್ತು. ಹೆಚ್ಚುವರಿ ಸಮಯ ಗಂಟೆಗೆ ಕನಿಷ್ಠ 20 ನಿಮಿಷ ಎಂದು ಕೇಂದ್ರದ 2018ರ ಮಾರ್ಗಸೂಚಿ ಹೇಳುತ್ತದೆ. ಕೇಳಲು ಮನೆಯವರಿಗೆ ಗೊತ್ತಿರಬೇಕು, ತೋರಿಸಲು ಕಾಗದ ಇರಬೇಕು.

ಶಾಲೆ ಬಿಟ್ಟವನ ಪಾಡು ಇನ್ನೂ ಕಷ್ಟ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಡಾಕ್ಟರರ ತಂಡಗಳು ಅಂಗನವಾಡಿಗೂ ಶಾಲೆಗೂ ಹೋಗಿ ಮಕ್ಕಳನ್ನು ತಪಾಸಣೆ ಮಾಡುತ್ತವೆ. ಒಳ್ಳೆಯ ಕೆಲಸ. ಆದರೆ ನಡಿಗೆ ನಿಂತಿತೆಂದು ಹಾಜರಿ ಪುಸ್ತಕದಿಂದ ಹೆಸರು ಅಳಿಸಿಹೋದ ಹುಡುಗ ಆ ಸಾಲಿನಲ್ಲಿ ನಿಲ್ಲುವುದಾದರೂ ಹೇಗೆ? ಯಾರಿಗೆ ಅಳತೆ ಅತಿ ಹೆಚ್ಚು ಬೇಕೋ ಅವನೇ ಕಣ್ಣಿಗೆ ಬೀಳುವುದಿಲ್ಲ. ನಿಗದಿತ ಪ್ರಮಾಣದ ಅಂಗವೈಕಲ್ಯ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ ಎಂದು ಅದೇ 2016ರ ಕಾಯ್ದೆ ಹೇಳುತ್ತದೆ.

ಉಸಿರಿನ ಲೆಕ್ಕ

ಕೈಗಿಂತ ಮೇಲಿನ ಮಾತು ಉಸಿರು. ಈ ರೋಗದಲ್ಲಿ ಎದೆಯ ಸ್ನಾಯುಗಳೂ ಸೋಲುತ್ತವೆ, ಹೃದಯವೂ ಸ್ನಾಯುವೇ. ಕಾಲು ಸೋತದ್ದು ಕಾಣುತ್ತದೆ, ಉಸಿರು ಸೋತದ್ದು ಕಾಣುವುದಿಲ್ಲ. ಹುಡುಗ ಕೂತಲ್ಲಿಯೇ ಇರುವುದರಿಂದ ಏದುಸಿರು ಬರುವುದಿಲ್ಲ. ಬೆಳಿಗ್ಗೆ ತಲೆನೋವು, ಹಗಲು ತೂಕಡಿಕೆ, ರಾತ್ರಿ ಪದೇ ಪದೇ ಎಚ್ಚರ, ಇಷ್ಟೇ ಸುಳಿವು. "ಮೊಬೈಲ್ ನೋಡಿ ನಿದ್ದಿ ಕೆಡಸ್ಕೊಂಡಾನ" ಎಂದು ಮನೆಯವರು ಬೈಯುತ್ತಾರೆ. ಅದು ರಾತ್ರಿ ಉಸಿರು ಸಾಲದೆ ಹೋಗುತ್ತಿರುವ ಲಕ್ಷಣವೂ ಆಗಿರಬಹುದು.

2018ರಲ್ಲಿ ಲ್ಯಾನ್ಸೆಟ್ ನ್ಯೂರಾಲಜಿ ಪತ್ರಿಕೆ ಪ್ರಕಟಿಸಿದ ಆರೈಕೆಯ ಸೂತ್ರಗಳು ನಡಿಗೆ ನಿಂತ ಮೇಲೆ ಉಸಿರಾಟದ ಪರೀಕ್ಷೆಯನ್ನು ಆರು ತಿಂಗಳಿಗೊಮ್ಮೆ ಮಾಡಿರಿ ಎನ್ನುತ್ತವೆ. ಆಳವಾಗಿ ಎಳೆದು ಪೂರ್ತಿ ಬಿಡುವ ಉಸಿರು ಇರಬೇಕಾದದ್ದಕ್ಕಿಂತ ಅರ್ಧಕ್ಕೆ ಇಳಿದರೆ, ಅಥವಾ ಕೆಮ್ಮಿನ ರಭಸ ನಿಮಿಷಕ್ಕೆ 270 ಲೀಟರಿಗಿಂತ ಕೆಳಗೆ ಬಂದರೆ, ಕೆಮ್ಮಲು ನೆರವು ಕೊಡಲು ಶುರು ಮಾಡಬೇಕು. ಊದುವ ಯಂತ್ರದ ಮುಂದೆ ಕೂತಲ್ಲಿಯೇ ಇದನ್ನು ಅಳೆಯಬಹುದು. ಕಾಲು ಬೇಕಾಗಿಲ್ಲ. ಸಮಯಕ್ಕೆ ಸರಿಯಾಗಿ ಗೊತ್ತಾಗಿ ರಾತ್ರಿ ಮುಖಕ್ಕೆ ಕಟ್ಟುವ ಉಸಿರಾಟದ ಯಂತ್ರ ಸಿಕ್ಕ ದೇಶಗಳಲ್ಲಿ, ಹಿಂದೆ ಇಪ್ಪತ್ತರ ಆಸುಪಾಸಿಗೆ ಮುಗಿಯುತ್ತಿದ್ದ ಆಯುಷ್ಯ ಮೂವತ್ತರ ಕಡೆಗೆ, ಅದರಾಚೆಗೂ ಬೆಳೆದಿದೆ. ಅಳೆಯದಿದ್ದರೆ ಯಾವ ದಿನ ಯಂತ್ರ ಬೇಕೆಂದು ಯಾರಿಗೆ ತಿಳಿಯಬೇಕು? ಒಂದು ಸಾದಾ ನೆಗಡಿ ಎದೆಗಿಳಿದು, ಕಫ ಹೊರಹಾಕಲು ಕೆಮ್ಮು ಸಾಲದೆ ಹೋದಾಗ ತಿಳಿಯುತ್ತದೆ. ಆಗ ತಡವಾಗಿರುತ್ತದೆ.

"ಅಳೆದು ಏನ್ ಮಾಡೂದ್ರೀ?"

ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಹೀಗೆ ಕೇಳಿಯಾರು: "ವಾಸಿ ಆಗೂ ರೋಗ ಅಲ್ಲ ಅಂತೀರಿ, ಮತ್ತ ಅಳೆದು ಏನ್ ಮಾಡೂದ್ರೀ?" ಕೇಳಬೇಕಾದ ಪ್ರಶ್ನೆಯೇ. ಉತ್ತರ ಮೇಲೆ ಬಂದಾಗಿದೆ. ಕುರ್ಚಿ ಎಂಥದ್ದು ಬೇಕು, ಕೈಯಿಂದ ತಳ್ಳುವುದೋ ಮೋಟಾರಿನದೋ? ಪರೀಕ್ಷೆಗೆ ಸಹಾಯಕ ಬೇಕೋ? ಉಸಿರಿಗೆ ಯಂತ್ರ ಬೇಕೋ? ಅವ್ವನಿಗೆ ಕೈ ಕೂಡಿಸುವವರು ಬೇಕೋ? ಒಂದಕ್ಕೂ ಅಂದಾಜಿನಿಂದ ಉತ್ತರ ಬರುವುದಿಲ್ಲ. ಲೋಟ ಎತ್ತಲಾರದ ಹುಡುಗನಿಗೆ ಕೈಯಿಂದ ತಿರುಗಿಸುವ ಗಾಲಿಕುರ್ಚಿ ಕೊಟ್ಟು ಫೋಟೋ ತೆಗೆಸಿಕೊಂಡರೆ ದಾನಿಗೆ ಪುಣ್ಯ ಬರಬಹುದು, ಕುರ್ಚಿ ಮಾತ್ರ ಮೂಲೆ ಸೇರುತ್ತದೆ.

ಇನ್ನೊಂದು ಮಾತು ಇದಕ್ಕಿಂತ ಭಾರದ್ದು. ಆರು ತಿಂಗಳಿಗೊಮ್ಮೆ ಅಂಕ ಇಳಿಯುವುದನ್ನು ಹುಡುಗನ ಕಣ್ಣೆದುರಿಗೇ ಬರೆದರೆ ಅವನ ಮನಸ್ಸು ಏನಾಗಬೇಕು? ಇದನ್ನು ಹಗುರಾಗಿ ತಳ್ಳಿಹಾಕಲು ಬರುವುದಿಲ್ಲ. ಅಳೆಯುವವರು ಮೊದಲು ಅವನನ್ನೇ ಕೇಳಬೇಕು, ನಾಲ್ಕು ಜನರೆದುರು ಕೈ ಎತ್ತಿಸಿ ನೋಡಬಾರದು. ಆದರೆ ತನ್ನ ಕೈ ಇಳಿಯುತ್ತಿದೆ ಎಂಬುದು ಅವನಿಗೆ ಎಲ್ಲರಿಗಿಂತ ಮೊದಲು ಗೊತ್ತಿರುತ್ತದೆ. ಕಾಲು ಹೋಯಿತೆಂದು ಎಲ್ಲವೂ ಹೋಯಿತೆನ್ನುವ ಸೊನ್ನೆಗಿಂತ, ಬೆರಳು ಇನ್ನೂ ನಿನ್ನದೇ, ಇದರಿಂದ ಇಷ್ಟು ಮಾಡಬಹುದು ಎಂದು ಹೇಳುವ ಅಂಕ ಮನಸ್ಸಿಗೆ ಹಗುರ.

ಖಾನಾಪುರದ ದಾರಿ

ಈಗ ನಕ್ಷೆ ನೋಡಿರಿ. ಖಾನಾಪುರದಿಂದ ಬೆಳಗಾವಿಗೆ ಸುಮಾರು 26 ಕಿಲೋಮೀಟರ್. ದಿನಾ ಓಡಾಡುವವರಿಗೆ ಇದು ದೂರವೇ ಅಲ್ಲ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಆಗಿದೆ. ಅಂಗವಿಕಲರ ರಿಯಾಯಿತಿ ಪಾಸು 100 ಕಿಲೋಮೀಟರಿನವರೆಗೆ ನಡೆಯುತ್ತದೆ. ಅವ್ವನಿಗೆ ಟಿಕೀಟಿಲ್ಲ, ಮಗನಿಗೆ ಪಾಸಿದೆ. ಆದರೆ ಬಸ್ಸಿನ ಮೆಟ್ಟಿಲು? ಹದಿನೈದು ವರ್ಷದ ಮಗನನ್ನು ಎತ್ತಿ ಆ ಎತ್ತರದ ಮೆಟ್ಟಿಲು ಹತ್ತಿಸುವವರು ಯಾರು? ಕುರ್ಚಿ ಎಲ್ಲಿಡಬೇಕು? ಕೊನೆಗೆ ಟಂಟಂ ಅಥವಾ ಬಾಡಿಗೆ ಕಾರು. ಒಂದು ಸಲ ಹೋಗಿ ಬಂದರೆ ಹಲವು ದಿನದ ಪಗಾರ ಖಾಲಿ.

ಖಾನಾಪುರ ಪಟ್ಟಣದವರದೇ ಈ ಪಾಡಾದರೆ ಮಲಪ್ರಭೆ ಹುಟ್ಟುವ ಕಣಕುಂಬಿ ಕಡೆಯವರದು, ಭೀಮಗಡದ ಕಾಡಿನೊಳಗಿನ ಹಳ್ಳಿಯವರದು ಏನು? 2024ರ ಮಳೆಗಾಲದಲ್ಲಿ ಆಮಗಾಂವದಿಂದ ರೋಗಿಯೊಬ್ಬರನ್ನು ಊರವರು ಹೆಗಲ ಮೇಲೆ ಹೊತ್ತು ತಂದ ಸುದ್ದಿಯನ್ನು ರಾಜ್ಯವೆಲ್ಲ ಓದಿತು. ಒಂದು ಜ್ವರಕ್ಕೇ ಹಾಗೆ ಹೊರಬೇಕಾದ ಊರಿನಿಂದ, ಬರೀ ಕೈ ಎತ್ತಿ ತೋರಿಸಲು ಆರು ತಿಂಗಳಿಗೊಮ್ಮೆ ಯಾರು ಬಂದಾರು?

ಆದ್ದರಿಂದ ಕಾಟಾವೇ ಊರಿಗೆ ಹೋಗಬೇಕು. ಹುಡುಗ ಕಾಟಾದ ಕಡೆಗೆ ಬರುವುದಲ್ಲ.

ಏನು ಮಾಡಬಹುದು?

ಕೋಟಿ ರೂಪಾಯಿ ಬೇಕಾಗಿಲ್ಲ. ಬೇಕಾದ ಸಾಮಾನು ಎಲ್ಲ ಇಲ್ಲಿಯೇ ಇವೆ. ಬೆಳಗಾವಿಯಲ್ಲಿ ವೈದ್ಯಕೀಯ ಕಾಲೇಜು ಸರ್ಕಾರದ್ದೂ ಇದೆ, ಖಾಸಗಿಯದೂ ಇದೆ, ಫಿಜಿಯೋಥೆರಪಿ ಕಲಿಸುವ ಸಂಸ್ಥೆಯೂ ಇದೆ. ಖಾನಾಪುರದಲ್ಲಿ ತಾಲೂಕು ಆಸ್ಪತ್ರೆ ಇದೆ. ಪಂಚಾಯ್ತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಎಂಬ ಏರ್ಪಾಡು ರಾಜ್ಯದಲ್ಲಿದೆ. ಇವರನ್ನು ಕೂಡಿಸುವ ಕೆಲಸ ಮಾತ್ರ ಬಾಕಿ.

ಮೊದಲನೆಯದು, ತಾಲೂಕು ಆಸ್ಪತ್ರೆಯಲ್ಲಿ ಮೂರು ತಿಂಗಳಿಗೊಂದು ದಿನ ಗೊತ್ತು ಮಾಡಿ, ಬೆಳಗಾವಿಯಿಂದ ಫಿಜಿಯೋಥೆರಪಿಯವರು ಹೋಗಿ ತೋಳಿನ ಮತ್ತು ಉಸಿರಿನ ಅಳತೆ ಮಾಡಲಿ. ಬರಲಾರದವರ ಮನೆಗೆ ಗಾಡಿ ಹೋಗಲಿ.

ಎರಡನೆಯದು, ಮನೆಗೊಂದು ವಹಿ ಇರಲಿ. ಲೋಟ ಎತ್ತುತ್ತಾನೋ, ನಾಣ್ಯ ಎತ್ತುತ್ತಾನೋ, ರಾತ್ರಿ ಎಷ್ಟು ಸಲ ಮಗ್ಗಲು ಮಾಡಿಸಬೇಕಾಯಿತು, ಕೆಮ್ಮು ಹೇಗಿದೆ, ಬೆಳಿಗ್ಗೆ ತಲೆನೋವು ಇದೆಯೋ, ಇಷ್ಟನ್ನು ತಿಂಗಳಿಗೊಮ್ಮೆ ಬರೆದಿಟ್ಟರೆ ಸಾಕು. ಅಂಗಡಿಯ ಉದ್ರಿ ವಹಿಗಿಂತ ಇದು ಕಷ್ಟವಲ್ಲ. ಪುನರ್ವಸತಿ ಕಾರ್ಯಕರ್ತರು ಅದನ್ನು ನೋಡಿ ಡಾಕ್ಟರರಿಗೆ ಮುಟ್ಟಿಸಲಿ. ಖಾನಾಪುರ ತಾಲೂಕಿನಲ್ಲಿ ಕನ್ನಡದ ಮನೆಗಳೂ ಇವೆ, ಮರಾಠಿಯ ಮನೆಗಳೂ ಇವೆ. ಪ್ರಶ್ನೆ ಆಯಾ ಮನೆಯ ಮಾತಿನಲ್ಲಿ ಇರಲಿ. ಕೆಮ್ಮಿಗೆ ಯಾವ ಗಡಿವಾದವೂ ಇಲ್ಲ.

ಮೂರನೆಯದು, ಆ ವಹಿಗೆ ಸರ್ಕಾರಿ ಕಚೇರಿಯಲ್ಲಿ ಬೆಲೆ ಸಿಗಲಿ. 2024-25ರ ರಾಜ್ಯ ಮುಂಗಡಪತ್ರದಲ್ಲಿ ಸ್ನಾಯುಕ್ಷಯ ಮುಂತಾದ ರೋಗದವರ ಆರೈಕೆ ಮಾಡುವವರಿಗೆ ತಿಂಗಳಿಗೆ 1,000 ರೂಪಾಯಿ ಎಂದು ಘೋಷಣೆ ಆಯಿತು. ಹೆಚ್ಚಿನ ನೆರವು ಬೇಕಾದವರು ಅದಕ್ಕಾಗಿ ಅರ್ಜಿ ಹಾಕಬಹುದು ಎಂದು 2016ರ ಕಾಯ್ದೆಯ 38ನೆಯ ಕಲಮು ಹೇಳುತ್ತದೆ. ಎಷ್ಟು ನೆರವು ಎಂದು ಕೇಳಿದಾಗ ತೋರಿಸಲು ಶೇಕಡಾದ ಕಾಗದದ ಜತೆಗೆ ಈ ವಹಿ ಇರಬೇಕು. ರಾತ್ರಿ ಆರು ಸಲ ಏಳುವ ಅವ್ವನ ಲೆಕ್ಕ ಅಲ್ಲಿ ಮಾತ್ರ ಕಾಣುತ್ತದೆ.

ನಾಲ್ಕನೆಯದು ಅಂಗಡಿಕಾರರಿಗೆ. ಅಂಗಡಿಯ ಮುಂದಿನ ಎರಡು ಮೆಟ್ಟಿಲಿನ ಪಕ್ಕ ಒಂದು ಇಳಿಜಾರು ಹಲಗೆ ಇಡಿರಿ. ಬೆರಳು ಆಡುವ, ಲೆಕ್ಕ ಬರುವ ಹುಡುಗ ಓಣಿಯಲ್ಲಿದ್ದರೆ ಗಲ್ಲಾದ ಬದಿಗೆ ಜಾಗ ಕೊಟ್ಟು ನೋಡಿರಿ. ಆನ್‌ಲೈನ್ ಹಣ ಬಂತೋ ಇಲ್ಲವೋ ನೋಡುವ ಕೆಲಸಕ್ಕೆ ಕಾಲು ಬೇಕಾಗಿಲ್ಲ.

ಖಾನಾಪುರದ ಮಣ್ಣು ಹಂಚಿಗೂ ಗಡಿಗೆಗೂ ಹೆಸರಾದದ್ದು. ಅಲ್ಲಿ ಕುಂಬಾರಿಕೆ ಕಲಿಸುವ ಸಂಸ್ಥೆಯೇ ಇದೆ. ಗಡಿಗೆ ಒಳ್ಳೆಯದೋ ಅಲ್ಲವೋ ಎಂದು ಕುಂಬಾರ ಹೇಗೆ ನೋಡುತ್ತಾನೆ? ಬೆರಳಿನಿಂದ ತಟ್ಟಿ, ದನಿ ಕೇಳಿ ನೋಡುತ್ತಾನೆ. ಓಡಿಸಿ ನೋಡುವುದಿಲ್ಲ. ಆ ಊರಿನವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ತೂಕದ ಕಲ್ಲಿಗೆ, ಕಾಟಾಕ್ಕೆ ಗಡುವಿಗೆ ಸರಿಯಾಗಿ ಸರ್ಕಾರದ ಮುದ್ರೆ ಬೀಳದಿದ್ದರೆ ಇಲಾಖೆಯವರು ಬಂದು ಅಂಗಡಿಕಾರನಿಗೆ ದಂಡ ಹಾಕುತ್ತಾರೆ. ಐವತ್ತು ಗ್ರಾಂ ಸಕ್ಕರೆ ಕಡಿಮೆ ಬಿದ್ದರೆ ಗಿರಾಕಿ ಜಗಳಕ್ಕೆ ನಿಲ್ಲುತ್ತಾನೆ. ಒಬ್ಬ ಹುಡುಗನ ಉಳಿದ ಬಲವನ್ನೆಲ್ಲ ತಪ್ಪು ಕಾಟಾದ ಮೇಲಿಟ್ಟು ಸೊನ್ನೆ ಎಂದು ಬರೆದರೆ ಮಾತ್ರ ಯಾರೂ ಜಗಳ ತೆಗೆಯುವುದಿಲ್ಲ. ಜಿಲ್ಲೆಯ ಆರೋಗ್ಯ ಇಲಾಖೆಯವರು, ಅಂಗವಿಕಲರ ಕಲ್ಯಾಣ ಇಲಾಖೆಯವರು, ಕಾಲೇಜುಗಳವರು ಒಂದು ದಿನ ಒಂದೇ ಮೇಜಿನ ಸುತ್ತ ಕೂತು ಇದರ ತೀರ್ಮಾನ ಮಾಡುವರೇ? ಮೇಜಿನ ಮೇಲೆ ಒಂದು ಲೋಟ ನೀರು, ನಾಲ್ಕು ನಾಣ್ಯ ಇದ್ದರೆ ಸಾಕು.